ಗೋಪುರದ ಸುತ್ತ ಪ್ರಭಾವಳಿ ಮೂಡಿದ್ದು ಹೇಗೆ?

ಮನೆಯವರ ವಾಟ್ಸಾಪ್ ಗುಂಪಿಗೆ ಮಾವ ಒಂದು ಫೋಟೋ ಹಾಕಿದ್ದರು. ಹೊಳೆಯುವ ಸಂಜೆ ಬಾನು, ಎದುರಿಗೆ ಕಪ್ಪಗೆ ನಿಂತ ಗೋಪುರ, ಅದರ ಅಂಚಿನುದ್ದಕ್ಕೂ ಬೆಳ್ಳನೆಯ ಪ್ರಭಾವಳಿ. ‘ಪವಾಡ, ಎಲ್ಲರಿಗೂ ಕಳಿಸಿ’ ಅಂತ ಒಕ್ಕಣೆ ಬೇರೆ. ಇಂಥ ಪ್ರಭಾವಳಿಯನ್ನು ನಾನೇ ಕೋಡ್ ಬರೆದು ಎಷ್ಟೋ ಸಲ ಮೂಡಿಸಿದ್ದೇನೆ, ಬೇಡ ಬೇಡ ಅಂದರೂ!

ಬೆಳಕನ್ನು ಅಳೆಯುವ ಮಾನ ಲಕ್ಸ್. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯೊಳಗೆ ನೂರೋ ಇನ್ನೂರೋ. ಮಾಮೂಲಿ ಫೋಟೋದಲ್ಲಿ ಒಂದೊಂದು ಬಣ್ಣಕ್ಕೂ ಇರುವುದು ಬರೀ 256 ಮೆಟ್ಟಿಲು. ಅಷ್ಟು ಬೆಳಕನ್ನು ಇಷ್ಟರಲ್ಲಿ ಹಿಡಿಸುವುದೇ ಟೋನ್ ಮ್ಯಾಪಿಂಗ್.

ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು 2002ರಲ್ಲಿ ಇದಕ್ಕೆ ಕೊಟ್ಟ ಸೂತ್ರ ಎಷ್ಟು ಸಲೀಸು ನೋಡಿ. ಬೆಳಕಿಗೆ ಒಂದು ಕೂಡಿಸಿ, ಬಂದದ್ದರಿಂದ ಅದೇ ಬೆಳಕನ್ನು ಭಾಗಿಸಿ. 1 ಇದ್ದದ್ದು 0.5 ಆಗುತ್ತದೆ, 9 ಇದ್ದದ್ದು 0.9, 99 ಇದ್ದದ್ದು 0.99. ಎಷ್ಟೇ ಜಾಸ್ತಿ ಸುರಿದರೂ 1, ಅಂದರೆ ಫೋಟೋದ ಅಚ್ಚ ಬಿಳುಪು, ದಾಟುವುದಿಲ್ಲ. ನನಗೆ ಖುಷಿ ಕೊಡುವ ಸಂಗತಿ ಬೇರೆಯೇ ಇದೆ. 1966ರಲ್ಲಿ ನಾಕಾ ಮತ್ತು ರಶ್ಟನ್ ಎಂಬ ವಿಜ್ಞಾನಿಗಳು ಗೆಂಡೆ ಜಾತಿಯ ಮೀನುಗಳ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ಬೆಳಕಿಗೆ ಹೇಗೆ ಮಿಡಿಯುತ್ತದೆ ಅಂತ ಅಳೆದಾಗ ಸಿಕ್ಕಿದ್ದೂ ಇದೇ ಆಕಾರದ ಗೆರೆ!

ಇಡೀ ಫೋಟೋಗೆ ಈ ಒಂದೇ ಸೂತ್ರ ಅಂದರೆ ಹಂಡೆ ಸಾರಿಗೆ ಒಂದೇ ಸಲ ಉಪ್ಪು ಹಾಕಿದ ಹಾಗೆ. ಎಲ್ಲರಿಗೂ ಒಂದೇ ರುಚಿ. ಎಲೆಯ ತುದಿಗೆ ಉಪ್ಪು ಬಡಿಸಿ, ಬೇಕಾದಷ್ಟು ಬೆರೆಸಿಕೊಳ್ಳಿ ಅನ್ನುವುದು ಲೋಕಲ್ ಅಡಾಪ್ಟೇಶನ್. ಅದೇ ಸೂತ್ರದಲ್ಲಿ, ಭಾಗಿಸುವ ಕಡೆ ಪಿಕ್ಸೆಲ್‌ನ ಸ್ವಂತ ಬೆಳಕಿನ ಬದಲು ಅಕ್ಕಪಕ್ಕದ ಸರಾಸರಿ ಹಾಕುತ್ತಾರೆ. ಕಿಟಕಿಯಾಚೆಯ ತೆಂಗಿನ ಗರಿಯೂ ಕಾಣುತ್ತದೆ, ಒಳಗೆ ಮಂಚದ ಕೆಳಗಿನ ಚಪ್ಪಲಿಯೂ ಕಾಣುತ್ತದೆ.

ತೊಂದರೆ ಇರುವುದು ಆ ‘ಅಕ್ಕಪಕ್ಕ’ದಲ್ಲೇ. ಗೋಪುರಕ್ಕೆ ಅಂಟಿಕೊಂಡ ಬಾನಿನ ಪಿಕ್ಸೆಲ್‌ಗೆ ನೆರೆಯವರಲ್ಲಿ ಅರ್ಧ ಜನ ಕಪ್ಪು ಗೋಪುರದವರು. ಸರಾಸರಿ ಇಳಿಯುತ್ತದೆ. ಇಲ್ಲಿ ಕತ್ತಲಿದೆ, ಇದನ್ನು ಜಾಸ್ತಿ ತಗ್ಗಿಸುವುದು ಬೇಡ ಅಂತ ಸಾಫ್ಟ್‌ವೇರ್ ಅಂದುಕೊಳ್ಳುತ್ತದೆ. ಉಳಿದ ಬಾನು ಮಂಕಾಗುತ್ತದೆ, ಅಂಚು ಮಾತ್ರ ಬೆಳ್ಳಗೆ ಉಳಿಯುತ್ತದೆ. ಬಡವರ ಬೀದಿಯ ಪಕ್ಕ ಮನೆಯಿದೆ ಅಂತ ಸಾಹುಕಾರನಿಗೂ ತೆರಿಗೆ ಕಡಿಮೆ ಮಾಡಿದ ಹಾಗೆ!

1850ರ ದಶಕದಲ್ಲಿ ಫ್ರಾನ್ಸಿನ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ಒಂದೇ ಫೋಟೋಗೆ ಕಡಲಿಗೊಂದು, ಬಾನಿಗೊಂದು ನೆಗೆಟಿವ್ ತೆಗೆದು ದಿಗಂತದಲ್ಲಿ ಜೋಡಿಸುತ್ತಿದ್ದ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಸಾಫ್ಟ್‌ವೇರಿಗೆ ಅದನ್ನು ಕಲಿಸಬೇಕು. 2002ರಲ್ಲೇ ಡ್ಯುರಾಂಡ್ ಮತ್ತು ಡಾರ್ಸಿ ಎಂಬ ಸಂಶೋಧಕರು ಇದಕ್ಕೆ ಬೈಲ್ಯಾಟರಲ್ ಫಿಲ್ಟರ್ ಅನ್ನುವ, ನೆರೆಯವರನ್ನು ಆರಿಸಿ ಸರಾಸರಿ ತೆಗೆಯುವ ವಿಧಾನ ಬಳಸಿದರು. ಅದು ಪಕ್ಕದಲ್ಲಿದ್ದ ಮಾತ್ರಕ್ಕೆ ನೆಂಟ ಅನ್ನುವುದಿಲ್ಲ, ಬೆಳಕೂ ಹೊಂದಬೇಕು ಅನ್ನುತ್ತದೆ. ಪ್ರಭಾವಳಿ ಬಹುಮಟ್ಟಿಗೆ ಮಾಯ. ಆದರೆ ಲೆಕ್ಕ ಜಾಸ್ತಿ.

‘ಕಣ್ಣೂ ಹೀಗೇ ನೋಡುತ್ತೆ, ಲೋಕಲ್ಲೇ ಮೇಲು’ ಅನ್ನುವವರ ಜೊತೆ ನಾನು ಸುಮ್ನೆ ವಾದ ಮಾಡುವುದಿಲ್ಲ. ಆದರೆ ಗೇಮ್‌ಗೆ, ವಿಡಿಯೋಗೆ ಮೊದಲು ಹಂಡೆಯ ಉಪ್ಪನ್ನೇ ಹಾಕುತ್ತೇನೆ. ಬೇಗ ಮುಗಿಯುತ್ತದೆ, ಹೆಚ್ಚು ಬೆಳಕಿನದು ಎಂದೂ ಕಡಿಮೆಯದಕ್ಕಿಂತ ಮಂಕಾಗಿ ಕಾಣುವುದಿಲ್ಲ. ಲೋಕಲ್‌ನಲ್ಲಿ ಆ ಭರವಸೆ ಇಲ್ಲ. ಹಾಗಾಗಿ ಅಂಥ ಚಿತ್ರದ ಮೇಲೆ ಬೆಳಕು ಅಳೆಯಬಾರದು. ಕಿಟಕಿ ಇರುವ ಕೋಣೆಯ ಒಂದೇ ಒಂದು ಫೋಟೋ ಅಂದರೆ ಮಾತು ಬೇರೆ, ಎಲೆಯ ತುದಿಗೆ ಬಡಿಸುತ್ತೇನೆ.

ಇಷ್ಟನ್ನೂ ಮಾವನಿಗೆ ಫೋನ್‌ನಲ್ಲಿ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, ‘ಸರಿ ಕಣಪ್ಪಾ, ನನ್ನ ಫೋಟೋಗೂ ಹಾಗೆ ಒಂದು ಹಾಕಿಕೊಡು’ ಅಂದರು.