ಬೆಲ್ಟ್ ಹೇಳಿ ಹೋಗುವುದಿಲ್ಲ

"ಗಾಡಿ ಚೆನ್ನಾಗೇ ಓಡ್ತಿದೆಯಲ್ಲ ಅಣ್ಣ, ಸುಮ್ನೆ ಯಾಕೆ ಬಿಚ್ಚೋದು?" ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಕಾರು ತರುವವರು ಗ್ಯಾರೇಜಿನಲ್ಲಿ ಕೇಳುವ ಮಾತು ಇದು. ತಪ್ಪು ಪ್ರಶ್ನೆಯೇನಲ್ಲ. ಚೆನ್ನಾಗಿರುವುದನ್ನೂ ಬಿಚ್ಚಿ ಹೊಸದು ಹಾಕಿ ಬಿಲ್ ಬೆಳೆಸುವವರು ನಮ್ಮ ಮೆಕ್ಯಾನಿಕ್‌ಗಳಲ್ಲೂ ಇದ್ದಾರೆ. ನಾನು ನೋಡುವುದು ಇಷ್ಟೇ: ಈ ಪಾರ್ಟು ಕೆಡುವ ಮುಂಚೆ ಹೇಳುತ್ತದೋ, ಇಲ್ಲವೋ?

ಸ್ಟಾರ್ಟರ್ ಸಾಮಾನ್ಯವಾಗಿ ನಾಲ್ಕು ದಿನ ಕಟಕಟ ಅಂದು ಸತಾಯಿಸಿ ಆಮೇಲೆ ಕೈಕೊಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗುವಾಗ ಬ್ಯಾಟರಿ ಲೈಟ್ ಹತ್ತುತ್ತದೆ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸಿಳ್ಳೆ ಹಾಕುತ್ತದೆ, ಹೊಗೆ ಬಿಡುತ್ತದೆ. ಇವನ್ನು ಮುಂಚೆಯೇ ಬದಲಾಯಿಸುವುದು ದುಡ್ಡು ದಂಡ. ಟೈಮಿಂಗ್ ಬೆಲ್ಟ್ ಹಾಗಲ್ಲ. ನಿನ್ನೆವರೆಗೂ ಸದ್ದಿಲ್ಲದೆ ತಿರುಗಿ ಇವತ್ತು ಕಟ್ಟಾಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕನ್ನೂ, ಗಾಳಿ-ಹೊಗೆಯ ಬಾಗಿಲುಗಳಾದ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮನ್ನೂ ಒಂದೇ ತಾಳಕ್ಕೆ ಕುಣಿಸುವುದು ಈ ರಬ್ಬರ್ ಪಟ್ಟಿ. ಅದು ಹೋದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಓಡಿದ ಬಿರುಸಿನಲ್ಲಿ ಮೇಲೆ ಬರುತ್ತಲೇ ಇರುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಬಾಯಿ ತೆರೆದು ನಿಂತ ವಾಲ್ವಿಗೆ ಹೋಗಿ ಗುದ್ದುತ್ತದೆ. ಡೀಸೆಲ್ ಗಾಡಿಯಲ್ಲಂತೂ ವಾಲ್ವ್ ಉಳಿಯುವುದು ಅಪರೂಪ. ಆಮೇಲೆ ವಾಲ್ವ್ ಕೂತಿರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸು, ಲೇತಿಗೆ ಕಳಿಸು, ವಾರಗಟ್ಟಲೆ ಕಾಯಿ.

ನಿಮ್ಮ ಗಾಡಿಯಲ್ಲಿರುವುದು ಬೆಲ್ಟೋ, ಅದೇ ಕೆಲಸ ಮಾಡುವ ಲೋಹದ ಚೈನೋ, ಮೊದಲು ತಿಳಿದುಕೊಳ್ಳಿ. ಹಳೇ ಇನ್ನೋವಾದ 2.5 ಡೀಸೆಲ್‌ನಲ್ಲಿ ಬೆಲ್ಟ್, ಕ್ರಿಸ್ಟಾದ 2.4ರಲ್ಲಿ ಚೈನ್. ಡಸ್ಟರ್ 1.5 ಡೀಸೆಲ್‌ನಲ್ಲಿ ಬೆಲ್ಟ್, ಸ್ವಿಫ್ಟ್ 1.3 ಡೀಸೆಲ್‌ನಲ್ಲಿ ಚೈನ್. ಚೈನ್ ಸಡಿಲವಾದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಲಗಲ ಸದ್ದು ಬರುತ್ತದೆ, ಅಂದರೆ ಅದು ಹೇಳುವ ಜಾತಿ. ಬೆಲ್ಟಿಗೆ ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಕೊಟ್ಟಿರುತ್ತಾರೆ, ಎಷ್ಟೋ ಗಾಡಿಗಳಿಗೆ ವರ್ಷವನ್ನೂ ಕೊಟ್ಟಿರುತ್ತಾರೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಶೆಡ್ಡಿನಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಅಲ್ವಾ?

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ಎಂಜಿನ್ನುಗಳಲ್ಲಿ ತಣಿಸುವ ನೀರನ್ನು ಸುತ್ತಿಸುವ ವಾಟರ್ ಪಂಪನ್ನು ತಿರುಗಿಸುವುದೂ ಟೈಮಿಂಗ್ ಬೆಲ್ಟೇ. ಅಂಥದೊಂದು ಟ್ಯಾಕ್ಸಿಗೆ ಬೆಲ್ಟ್ ಹಾಕುತ್ತಿದ್ದೆ. "ಪಂಪ್ ಲೀಕಿಲ್ವಲ್ಲ, ಇರ್ಲಿ ಬಿಡಣ್ಣ" ಅಂದರು ಓನರ್. ಕೈಯಲ್ಲಿ ತಿರುಗಿಸಿ ನೋಡಿದೆ, ನುಣ್ಣಗೆ ತಿರುಗಿತು. ನಾನೂ ಹ್ಞೂಂ ಅಂದೆ. ಏಳೆಂಟು ತಿಂಗಳ ಮೇಲೆ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಪಂಪಿನ ಬೇರಿಂಗ್ ಬಿಟ್ಟುಕೊಂಡು, ನಾನು ಹಾಕಿದ ಹೊಸ ಬೆಲ್ಟನ್ನೇ ಹೊರಗೆಸೆಯಿತು. ಗಾಡಿ ಸಕಲೇಶಪುರದವರೆಗೆ ಟೋ ಆಗಿ ಬಂತು. ಎಂಟು ವಾಲ್ವ್ ಬೆಂಡ್. ಲೇಬರ್ ನಾನು ತೆಗೆದುಕೊಳ್ಳಲಿಲ್ಲ, ಆದರೆ ಅವರ ಸೀಸನ್ ಹೋಯಿತು. ಅವತ್ತಿನಿಂದ ಬೆಲ್ಟ್ ಬಿಚ್ಚಿದರೆ ಅದನ್ನು ಬಿಗಿಯಾಗಿಡುವ ಟೆನ್ಶನರ್, ದಾರಿ ತೋರುವ ಐಡ್ಲರ್ ಗಾಲಿ, ಆ ಬೆಲ್ಟಿಗೇ ಕೂತ ವಾಟರ್ ಪಂಪ್, ಎಲ್ಲ ಒಟ್ಟಿಗೇ. ಆಯಿಲ್ ತಡೆಯುವ ಕ್ಯಾಮ್ ಸೀಲು, ಕ್ರ್ಯಾಂಕ್ ಸೀಲು ಬೆವರುತ್ತಿದ್ದರೆ ಅವೂ ಅದೇ ಸಲ. ಎರಡನೇ ಸಲ ಬಿಚ್ಚುವ ಲೇಬರಿನ ಮುಂದೆ ಈ ಪಾರ್ಟುಗಳ ರೇಟು ಜಾಸ್ತಿಯೇನಲ್ಲ. ಕ್ಲಚ್ಚಿಗೆ ಗೇರ್‌ಬಾಕ್ಸ್ ಇಳಿಸಿದಾಗ ಕ್ರ್ಯಾಂಕಿನ ಹಿಂದಿನ ಸೀಲಿಗೂ ಇದೇ ನ್ಯಾಯ.

ಇನ್ನು ಎಂಜಿನ್ನನ್ನು ತಣ್ಣಗಿಡುವ ನೀರಿನ ದಾರಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಹೋಸ್ ಪೈಪನ್ನು ಕ್ಲಿಪ್ಪಿನ ಪಕ್ಕದಲ್ಲೇ ಹಿಸುಕಿ ನೋಡಿ. ನಡುವೆ ಗಟ್ಟಿಯಿದ್ದು ತುದಿಯಲ್ಲಿ ಹಣ್ಣಾದ ಸಪೋಟದಂತೆ ಮೆತ್ತಗಾಗಿದ್ದರೆ, ಅಥವಾ ಹಿಸುಕಿದಾಗ ಒಳಗೆ ಕರಕರ ಅಂದರೆ, ಅದರ ಆಯುಸ್ಸು ಮುಗಿಯಿತು. ಕಾಣಲು ಹೊಳೆಯುತ್ತಿದ್ದರೂ ನಂಬಬೇಡಿ. ಪಂಪಿನ ಅಡಿಯ ಸಣ್ಣ ತೂತಿನಿಂದ ಎಂಜಿನ್ ತಣಿಸುವ ಕೂಲಂಟ್ ದ್ರವದ ಗುಲಾಬಿಯೋ ಹಸಿರೋ ಬಣ್ಣದ ಒಣಗಿದ ಗೆರೆ ಇಳಿದಿದ್ದರೆ ಒಳಗಿನ ಸೀಲ್ ಹೋಗುತ್ತಿದೆ ಎಂದೇ ಅರ್ಥ. ರೇಡಿಯೇಟರ್ ಕ್ಯಾಪ್ ಕೂಡ ಸಣ್ಣದೆಂದು ಬಿಡಬೇಡಿ. ಒಳಗೆ ಒತ್ತಡ ಹಿಡಿದಿಟ್ಟು ನೀರು ನೂರು ಡಿಗ್ರಿಗೆ ಕುದಿಯದಂತೆ ನೋಡುವುದು ಅದೇ.

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಚಾಳಿ ನಮ್ಮ ಮೆಕ್ಯಾನಿಕ್‌ಗಳಲ್ಲಿ ಇನ್ನೂ ಇದೆ. ಹೀಟ್ ಆಗುತ್ತಿದೆ ಅಂದರೆ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಹಾಗೆ ಮಾಡಿದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಮೈಲೇಜ್ ಬೀಳುತ್ತದೆ. ಕೂಲಂಟ್ ಬದಲು ಬೋರ್ ನೀರು ಹಾಕುವುದು ಇನ್ನೊಂದು. ಸ್ನಾನದ ಮನೆಯ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪೊರೆಯನ್ನು ನೋಡಿದ್ದೀರಲ್ಲ? ಅದೇ ರೇಡಿಯೇಟರ್ ಒಳಗೂ ಕೂರುತ್ತದೆ.

ಟೆಂಪರೇಚರ್ ಮುಳ್ಳು ಇದೆಯಲ್ಲ ಅನ್ನಬೇಡಿ. ಹೋಸ್ ಒಡೆದು ನೀರೆಲ್ಲ ಹೋದರೆ ಸೆನ್ಸರಿಗೆ ತಾಗುವುದಕ್ಕೆ ನೀರೇ ಇರುವುದಿಲ್ಲ. ಎಂಜಿನ್ ಬೇಯುತ್ತಿದ್ದರೂ ಎಷ್ಟೋ ಸಲ ಮುಳ್ಳು ತೆಪ್ಪಗಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ನಾನು ಹೇಳುವುದು: ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಮೊನ್ನೆ ರಿಟೈರ್ ಆದ ಮೇಷ್ಟ್ರೊಬ್ಬರು ಹೊಸದಾಗಿ ಕೊಂಡ ಹಳೇ ಕಾರು ತಂದರು. ಮೀಟರ್ 78 ಸಾವಿರ ತೋರಿಸುತ್ತಿತ್ತು. ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು, ಮೀಟರ್ ಹೇಳುವುದಕ್ಕಿಂತ ಜಾಸ್ತಿ ಓಡಿದ ಗಾಡಿ ಅನ್ನಿಸಿತು.

"ಮೇಷ್ಟ್ರೇ, ಬೆಲ್ಟಿನ ಬಿಲ್ ಇದೆಯಾ?"

"ಇಲ್ಲಪ್ಪ, ಹೋದ ವರ್ಷ ಹಾಕಿಸಿದ್ದು ಅಂತ ಬಾಯಲ್ಲಿ ಹೇಳಿದ್ರು."

ಕವರ್ ತೆಗೆದು ಬೆಲ್ಟ್ ಬಿಚ್ಚಿ, ಹಿಮ್ಮುಖವಾಗಿ ಮಡಿಚಿ ತೋರಿಸಿದೆ. ಬೇಸಿಗೆಯ ಕೆರೆಯಂಗಳದಂತೆ ಉದ್ದಕ್ಕೂ ಬಿರುಕು. ಹೊಸ ಕಿಟ್ ಹಾಕಿ, ಕವರಿನ ಮೇಲೆ ತಾರೀಖು, ಕಿಲೋಮೀಟರ್ ಎರಡನ್ನೂ ಬಿಳಿ ಪೇಂಟಲ್ಲಿ ಬರೆದೆ. ಹಳೇ ಬೆಲ್ಟನ್ನು ಮೇಷ್ಟ್ರು ಪೇಪರಿನಲ್ಲಿ ಸುತ್ತಿಸಿಕೊಂಡು ಹೋದರು. ಮಾರಿದವನಿಗೆ ತೋರಿಸಬೇಕಂತೆ.