7 ಕೆಬಿಯ ಹಾಡು

"ಮಾಮ, ಫೈಲ್ ಹಾಳಾಗಿದೆ ಅನ್ಸುತ್ತೆ. ಮೂರು ನಿಮಿಷದ ಹಾಡು, ಬರೀ 7 ಕೆಬಿ ಇದೆ."

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಅಕ್ಕನ ಮಗ ಪೆನ್‌ಡ್ರೈವ್ ಹಿಡಿದು ಬಂದಿದ್ದ. ಕಾಲೇಜು ಓದುವ ಹುಡುಗ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಮೊದಲ ಸಲ ಮನೆಯ ಕಂಪ್ಯೂಟರಿಗೆ ಕೀಬೋರ್ಡ್ ಜೋಡಿಸಿ ಒಂದು ಹಾಡು ರೆಕಾರ್ಡ್ ಮಾಡಿದ್ದ. ಮನೆಯಲ್ಲಿ ಅದು ಸಿತಾರಿನ ದನಿಯಲ್ಲಿ ಚೆನ್ನಾಗಿ ಕೇಳಿತ್ತಂತೆ. ಗೆಳೆಯನ ಕಂಪ್ಯೂಟರಿನಲ್ಲಿ ಹಾಕಿದರೆ ಪಿಯಾನೋ ಬಂತು. ಆಮೇಲೆ ಫೈಲಿನ ಅಳತೆ ನೋಡಿ ಗಾಬರಿಯಾಗಿದ್ದ.

ಫೈಲಿಗೆ ಏನೂ ಆಗಿರಲಿಲ್ಲ. ಅದರೊಳಗೆ ದನಿ ಮೊದಲಿಂದಲೂ ಇರಲಿಲ್ಲ, ಅಷ್ಟೇ. ಅದು ಮಿಡಿ ಫೈಲ್. ವಾದ್ಯಗಳೂ ಕಂಪ್ಯೂಟರುಗಳೂ ತಮ್ಮೊಳಗೆ ಮಾತಾಡುವ ಭಾಷೆಗೆ ಮಿಡಿ ಅನ್ನುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ಸಂಗೀತ ಮಾಡಲು ಹೊರಟವರು ಮಿಡಿ ಬಗ್ಗೆ ಮೊದಲು ತಿಳಿಯಬೇಕಾದ ವಿಷಯ ಇದು. ಇದೊಂದು ಮನಸ್ಸಿಗೆ ಹತ್ತಿದರೆ ಮುಂದಿನ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವುದನ್ನು ನೋಡಿದ್ದೀರಾ? ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿರುತ್ತದೆ. ಅದರಿಂದ ತೂತು ಹೊಡೆದ ರಟ್ಟಿನ ಪಟ್ಟಿಗಳ ಸರ ತೂಗುತ್ತಿರುತ್ತದೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಎಳೆ ಎದ್ದು ಇಳಿದು ಅಂಚಿನಲ್ಲಿ ನವಿಲು ಮೂಡುತ್ತದೆ. ಆ ರಟ್ಟಿನಲ್ಲಿ ರೇಷ್ಮೆಯೂ ಇಲ್ಲ, ಬಣ್ಣವೂ ಇಲ್ಲ. ಕೆಂಪು ನೂಲು ಹಾಕಿದರೆ ಕೆಂಪು ನವಿಲು. ಅದೇ ರಟ್ಟಿಗೆ ಹಸಿರು ನೂಲು ಕೊಟ್ಟರೆ ಹಸಿರು ನವಿಲು.

ಮಿಡಿ ಫೈಲ್ ಅಂಥದ್ದೇ ಒಂದು ರಟ್ಟಿನ ಸರ. ಕೀಬೋರ್ಡಿನ ಯಾವ ಮನೆ (ಕೀಲಿ) ಒತ್ತಿದೆ, ಯಾವಾಗ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬೆರಳು ಎತ್ತಿದೆ. ಅದರಲ್ಲಿ ಬರೆದಿರುವುದು ಇಷ್ಟು. ಬೆರಳು ಮಾಡಿದ ಕೆಲಸದ ಲೆಕ್ಕ. ಆ ಲೆಕ್ಕ ಓದಿ ದನಿ ಹೊರಡಿಸುವುದು ಕಂಪ್ಯೂಟರಿನಲ್ಲಿರುವ ವಾದ್ಯದ ಸಾಫ್ಟ್‌ವೇರ್. ಅದು ನೂಲು ಇದ್ದ ಹಾಗೆ. ಯಾವ ವಾದ್ಯ ಅಂತಲೂ ಫೈಲಿನಲ್ಲಿ ಬರೆದಿಡಬಹುದು. ಬರೆಯದಿದ್ದರೆ ತೆರೆದ ಸಾಫ್ಟ್‌ವೇರ್ ಸಾಮಾನ್ಯವಾಗಿ ಪಿಯಾನೋ ಹಾಕಿಬಿಡುತ್ತದೆ. ಹುಡುಗನ ಸಿತಾರ್ ಹೋಗಿದ್ದು ಹೀಗೆ.

ಅಳತೆಯ ಲೆಕ್ಕವನ್ನೂ ಕೂತು ಮಾಡಿದೆವು. ಒಂದು ಮನೆ ಒತ್ತಿದಾಗ ಕೀಬೋರ್ಡ್ ಮೂರು ಬೈಟ್ ಕಳಿಸುತ್ತದೆ: ಒತ್ತಿದೆ ಎಂಬ ಸುದ್ದಿ, ಯಾವ ಮನೆ, ಎಷ್ಟು ಜೋರು. ಬೆರಳು ಎತ್ತಿದಾಗ ಇನ್ನೊಂದು ಮೂರು. ಅವುಗಳ ಜೊತೆ ಸಮಯ ಬರೆಯಲು ಒಂದೆರಡು ಬೈಟ್. ಒಂದು ಸ್ವರಕ್ಕೆ ಎಂಟೊಂಬತ್ತು ಬೈಟ್ ಆಯಿತು. ಅವನ ಹಾಡಿನಲ್ಲಿ 800 ಚಿಲ್ಲರೆ ಸ್ವರ ಇದ್ದವು. ಗುಣಿಸಿದರೆ 7 ಕೆಬಿಯ ಹತ್ತಿರ ಬರುತ್ತದೆ. ಅದೇ ಮೂರು ನಿಮಿಷವನ್ನು ಸಿಡಿ ಗುಣಮಟ್ಟದ ದನಿಯಾಗಿ ಇಟ್ಟರೆ ಸೆಕೆಂಡಿಗೆ 44,100 ಸಲ, ಎಡಕ್ಕೂ ಬಲಕ್ಕೂ ಬೇರೆ ಬೇರೆ, ಗಾಳಿಯ ಅಲೆಯನ್ನು ಅಳೆದು ಬರೆಯಬೇಕು. 30 ಎಂಬಿಗೂ ಜಾಸ್ತಿ ಆಗುತ್ತದೆ.

ಮನೆಗಳಿಗೆ 0ಯಿಂದ 127ರವರೆಗೆ ಸಂಖ್ಯೆ ಇದೆ. ಹಾರ್ಮೋನಿಯಂ ಮಾಸ್ತರರು ಬಿಳಿ ಒಂದು ಅನ್ನುವ ನಡುವಿನ ಸ್ವರ 60. ಅದನ್ನು ಸ ಅಂತ ಹಿಡಿದರೆ ಶುದ್ಧ ಸ್ವರಗಳ ಸಾಲು 60, 62, 64, 65, 67, 69, 71, ಮೇಲಿನ ಸ 72. ಜೋರಿಗೂ 127ರ ತನಕದ ಲೆಕ್ಕವೇ. ಮೆಲ್ಲಗೆ ತಾಗಿದರೆ 30 ಬರಬಹುದು, ಗುದ್ದಿದರೆ 120.

ಈ ಭಾಷೆ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1980ರ ಸುಮಾರಿಗೆ ಒಂದು ಕಂಪನಿಯ ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ಚೆಟ್ ವುಡ್ 1981ರಲ್ಲಿ ಎಲ್ಲರಿಗೂ ಒಂದೇ ಸಂಪರ್ಕ ಇರಲಿ ಎಂಬ ಯೋಜನೆ ಮುಂದಿಟ್ಟರು. ಜಪಾನಿನ ರೋಲ್ಯಾಂಡ್ ಕಂಪನಿ ಕಟ್ಟಿದ ಇಕುತಾರೊ ಕಕೆಹಾಶಿ ಕೈಜೋಡಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯಗಳ ಮೇಳದಲ್ಲಿ ಸ್ಮಿತ್ ಅವರ ಪ್ರಾಫೆಟ್-600ಕ್ಕೂ ರೋಲ್ಯಾಂಡಿನ ಜುಪಿಟರ್-6ಕ್ಕೂ ಒಂದು ಕೇಬಲ್ ಹಾಕಿದರು. ಇಲ್ಲಿ ಒತ್ತಿದರೆ ಅಲ್ಲಿಯೂ ನುಡಿಯಿತು. ಪೈಪೋಟಿಯಲ್ಲಿದ್ದ ಎರಡು ಕಂಪನಿಗಳ ವಾದ್ಯಗಳು! ಅದೇ ವರ್ಷ ಆಗಸ್ಟಿನಲ್ಲಿ ನಿಯಮಾವಳಿ ಹೊರಬಂತು. ಬಳಸುವವರು ಯಾರಿಗೂ ಹಣ ಕೊಡಬೇಕಿರಲಿಲ್ಲ. 2013ರಲ್ಲಿ ಸ್ಮಿತ್ ಮತ್ತು ಕಕೆಹಾಶಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಬಂತು. ಅಟ್ಟದ ಮೇಲೆ ದೂಳು ಹಿಡಿದ ಹಳೇ ಕೀಬೋರ್ಡಿನ ಹಿಂದೆ ಐದು ಸೂಜಿಯ ದುಂಡನೆ ಕಿಂಡಿ ಇದ್ದರೆ, ಅದು ಇವತ್ತಿನ ಕಂಪ್ಯೂಟರ್ ಜೊತೆಗೂ ಮಾತಾಡಬಲ್ಲದು.

ಆ ದುಂಡು ಕಿಂಡಿಯಲ್ಲಿ ಒಂದು ಸೊಗಸಾದ ಜಾಣತನ ಅಡಗಿದೆ. ಎರಡು ವಾದ್ಯಗಳ ನಡುವೆ ನೇರ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಸುದ್ದಿ ಬಂದಾಗ ಪಡೆಯುವ ಕಡೆ ಒಳಗೆ ಒಂದು ಪುಟ್ಟ ಎಲ್‌ಇಡಿ ಮಿನುಗುತ್ತದೆ. ಅದರ ಎದುರಿನ ಕಣ್ಣು ಆ ಮಿನುಗು ನೋಡಿ ಸುದ್ದಿಯನ್ನು ಮುಂದೆ ದಾಟಿಸುತ್ತದೆ. ಇದರಿಂದ ಅರ್ಥಿಂಗ್ ತೊಂದರೆಯ ಗುಂಯ್ ಸದ್ದು ಒಂದರಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಕೇಬಲ್ಲನ್ನು ಹಿಂದು ಮುಂದು ಸಿಕ್ಕಿಸಿದರೂ ಏನೂ ಸುಡುವುದಿಲ್ಲ. ಸುಮ್ನೆ ಬದಲಿಸಿ ನೋಡಿ, ಒಂದು ಕಡೆ ಕೆಲಸ ಮಾಡೇ ಮಾಡುತ್ತದೆ.

ಶುರು ಮಾಡುವವರಿಗೆ ನನ್ನ ಮಾತು: ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಎಲ್‌ಎಂಎಂಎಸ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ. ಹಾಡುವ ದನಿಯನ್ನೂ ಜೊತೆಗೇ ಸೇರಿಸಬೇಕು ಅನ್ನುವವರಿಗೆ ರೀಪರ್ ಚೆನ್ನ. 60 ದಿನ ಹಣ ಕೊಡದೆ ನೋಡಬಹುದು, ಆಮೇಲೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಕೀಬೋರ್ಡ್ ಇಲ್ಲವಾ? ಟೈಪ್ ಮಾಡುವ ಕೀಲಿಗಳನ್ನೇ ಸ್ವರದ ಮನೆಗಳಾಗಿ ಬಳಸಬಹುದು. ಅವಕ್ಕೆ ಜೋರು ಮೆಲ್ಲಗೆ ಗೊತ್ತಾಗುವುದಿಲ್ಲ. ಆದರೆ ಕಲಿಯಲು ಸಾಕು. ಮನೆಯಲ್ಲಿ ಕೀಬೋರ್ಡ್ ಇದ್ದರೆ ಹಿಂಬದಿ ನೋಡಿ. ಪ್ರಿಂಟರಿಗೆ ಹಾಕುವಂಥ ಚೌಕ ಯುಎಸ್‌ಬಿ ಕಿಂಡಿ ಇದ್ದರೆ ಪ್ರಿಂಟರ್ ಕೇಬಲ್ಲೇ ಆಗುತ್ತದೆ. ಬರೀ ದುಂಡು ಕಿಂಡಿ ಇದ್ದರೆ ಮಿಡಿಯಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಬೇಕು.

ಸಾಫ್ಟ್‌ವೇರ್ ತೆರೆದು ಒಂದು ಟ್ರ್ಯಾಕ್ ಮಾಡಿ, ಅದಕ್ಕೊಂದು ವಾದ್ಯ ಕೊಡಿ, ರೆಕಾರ್ಡ್ ಒತ್ತಿ ನುಡಿಸಿ. ಪರದೆಯ ಮೇಲೆ ಅಡ್ಡಡ್ಡ ಸಣ್ಣ ಪಟ್ಟಿಗಳು ಮೂಡುತ್ತವೆ. ಎತ್ತರದಲ್ಲಿದ್ದರೆ ಮೇಲಿನ ಸ್ವರ, ಉದ್ದವಿದ್ದರೆ ಎಳೆದ ಸ್ವರ. ಈ ಕಿಟಕಿಗೆ ಪಿಯಾನೋ ರೋಲ್ ಅಂತ ಹೆಸರು. ನೂರು ವರ್ಷದ ಹಿಂದೆ ತಾನೇ ನುಡಿಯುವ ಪಿಯಾನೋಗಳಿಗೆ ತೂತು ಹೊಡೆದ ಕಾಗದದ ಸುರುಳಿ ಹಾಕುತ್ತಿದ್ದರು, ಆ ಹೆಸರೇ ಉಳಿದುಕೊಂಡಿದೆ. ಮತ್ತೆ ಮೊಳಕಾಲ್ಮೂರಿನ ರಟ್ಟಿಗೇ ಬಂದೆವು, ಅಲ್ವಾ? ತಪ್ಪು ಬೆರಳು ಬಿದ್ದಿದ್ದರೆ ಆ ಪಟ್ಟಿಯೊಂದನ್ನೇ ಹಿಡಿದು ಸರಿಯಾದ ಮನೆಗೆ ಎಳೆದಿಡಬಹುದು. ಹಾಡನ್ನು ಮತ್ತೆ ಮೊದಲಿಂದ ನುಡಿಸಬೇಕಿಲ್ಲ. ಗೆಳೆಯರಿಗೆ ಕೇಳಿಸಲು ಮಾತ್ರ ಮಿಡಿ ಫೈಲ್ ಕಳಿಸಬೇಡಿ. ಎಕ್ಸ್‌ಪೋರ್ಟ್ ಮಾಡಿ ದನಿಯ ಫೈಲಾಗಿಸಿ ಕಳಿಸಿ. ನೇಯ್ದ ಸೀರೆ ಕೊಟ್ಟ ಹಾಗೆ.

ಹೊಸಬರು ಕೈಬಿಡುವುದು ಬಹುಪಾಲು ಒಂದೇ ಕಡೆ. ಮನೆ ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆ. ತಾಳ ಜಾರುತ್ತದೆ, ಬೆರಳು ಮಂಕಾಗುತ್ತದೆ, ನನಗೆ ಇದು ಆಗಿಬರಲ್ಲ ಅನ್ನಿಸುತ್ತದೆ. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ. ತಪ್ಪು ಬೆರಳಿನದ್ದಲ್ಲ. ಮಿಡಿ ಕೇಬಲ್ಲಿನದ್ದೂ ಅಲ್ಲ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಅದು ಒಂದು ಸ್ವರದ ಸುದ್ದಿಯನ್ನು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಟ್ಟಿಸುತ್ತದೆ. ತಡ ಆಗುವುದು ಕಂಪ್ಯೂಟರ್ ದನಿ ತಯಾರಿಸುವಾಗ. ಅದು ಹನಿ ಹನಿಯಾಗಿ ಸ್ಪೀಕರಿಗೆ ಕೊಡುವುದಿಲ್ಲ. ಒಂದು ಬಿಂದಿಗೆ ತುಂಬಿಸಿ ಸುರಿಯುತ್ತದೆ. ಆ ಬಿಂದಿಗೆಗೆ ಬಫರ್ ಅನ್ನುತ್ತಾರೆ. ಸೆಕೆಂಡಿಗೆ 44,100 ಅಳತೆಯ ಲೆಕ್ಕದಲ್ಲಿ, ಬಫರಿಗೆ 1024 ಅಳತೆ ಹಿಡಿಯುವಂತಿದ್ದರೆ ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. 256 ಇದ್ದರೆ ಸುಮಾರು 6 ಸಾಕು. ಗಾಳಿಯಲ್ಲಿ ಸದ್ದು 23 ಮಿಲಿಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. ಅಂದರೆ ನಿಮ್ಮ ಕೈಕೆಳಗಿನ ವಾದ್ಯವೇ 8 ಮೀಟರ್ ಆಚೆಯಿಂದ ಕೇಳಿದ ಹಾಗೆ. ವಿಂಡೋಸಿನ ಮಾಮೂಲಿ ದಾರಿ ಇದಕ್ಕೆ ಇನ್ನಷ್ಟು ತಡ ಸೇರಿಸುತ್ತದೆ. ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗಿಗೆ ಹೋಗಿ ಎಎಸ್‌ಐಒ ಎಂಬ ಡ್ರೈವರ್ (ಆ ಮಾಮೂಲಿ ದಾರಿ ಬಿಟ್ಟು ದನಿಯನ್ನು ನೇರವಾಗಿ ಸಾಗಿಸುವ ಸಾಫ್ಟ್‌ವೇರ್) ಆರಿಸಿ, ಬಫರನ್ನು ಇಳಿಸುತ್ತಾ ಬನ್ನಿ. ತೀರಾ ಇಳಿಸಿದರೆ ಕಂಪ್ಯೂಟರಿಗೆ ತುಂಬಿಸಿಕೊಡಲು ಆಗದೆ ಚಟಪಟ ಸದ್ದು ಬರುತ್ತದೆ. ಒಂದು ಮೆಟ್ಟಿಲು ಮೇಲೆ ಹತ್ತಿ ನಿಲ್ಲಿ. ಅಕ್ಕನ ಮಗನಿಗೆ ನಾನು ಮಾಡಿಕೊಟ್ಟ ದೊಡ್ಡ ಸಹಾಯ ಇದೊಂದೇ. ಅವತ್ತು ಅವನ ಮುಖ ಅರಳಿದ್ದು ಮರೆಯುವುದಿಲ್ಲ.

ಇನ್ನೊಂದು ಗುಂಡಿ ಇದೆ, ಕ್ವಾಂಟೈಸ್. ಒತ್ತಿದರೆ ಆಚೀಚೆ ಬಿದ್ದ ಸ್ವರಗಳೆಲ್ಲ ತಾಳದ ಗೆರೆಗೆ ಸರಿದು ನಿಲ್ಲುತ್ತವೆ. ಮೊದಲ ಸಲ ಕೇಳಿದಾಗ ಖುಷಿಯಾಗುತ್ತದೆ. ಮೂರನೇ ಸಲಕ್ಕೆ ಹಾಡು ಸತ್ತಂತೆ ಕೇಳುತ್ತದೆ. ಕೆಹರ್ವಾ ತಾಳ ನುಡಿಸುವ ಒಳ್ಳೆಯ ಕೈ ಕೆಲವು ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ ಹಾಕುತ್ತದೆ, ಹಾಡಿನ ಕುಣಿತ ಇರುವುದು ಅಲ್ಲೇ. ನಾನಾದರೆ ಅರ್ಧ ಮಾತ್ರ ಸರಿಸು ಅನ್ನುತ್ತೇನೆ. ಬಹಳ ಸಾಫ್ಟ್‌ವೇರುಗಳಲ್ಲಿ ಎಷ್ಟು ಪಾಲು ಅಂತ ಹೇಳಲು ಬರುತ್ತದೆ. ಹಾಗೇ, ಸಾಫ್ಟ್‌ವೇರ್ ತೆರೆದಾಗ ನಾಲ್ಕರ ತಾಳ ಇರುತ್ತದೆ. ಮಿಶ್ರ ಛಾಪು ಬೇಕಾದರೆ ಏಳಕ್ಕೆ ಬದಲಿಸಿಕೊಳ್ಳಿ.

ಇನ್ನು ನಮ್ಮ ಸಂಗೀತಕ್ಕೂ ಇದಕ್ಕೂ ಇರುವ ಜಗಳ. ಮಿಡಿಯ ಸಂಖ್ಯೆಗಳು ಬಿಡಿ ಬಿಡಿ ಮನೆಗಳು. 64ರ ನಂತರ 65, ನಡುವೆ ಮನೆ ಇಲ್ಲ. ಸ್ವರವನ್ನು ಎಳೆದು ಬಾಗಿಸುವ ಗಮಕ ಇರುವುದೇ ಆ ನಡುವಿನಲ್ಲಿ. ಜೊತೆಗೆ ಕೀಬೋರ್ಡಿನ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ತಂಬೂರಿ ಮೀಟಿ ಕಿವಿಗೊಟ್ಟರೆ ಷಡ್ಜದ ತಂತಿಯ ಒಳಗಿಂದಲೇ ಒಂದು ಗಾಂಧಾರ ಕೇಳುತ್ತದೆ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಒಂದು ಮನೆಯ ನೂರರಲ್ಲಿ 14 ಪಾಲಿನಷ್ಟು ಮೇಲಿದೆ. ಪಳಗಿದ ಕಿವಿಗೆ ಅದು ಚುಚ್ಚುತ್ತದೆ.

ಈ ಜಗಳ ಹೊಸದಲ್ಲ. ಇದೇ ಕಾರಣಗಳು ಚರ್ಚೆಯಾಗಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆದರೆ ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು. ವೇದಿಕೆಯ ಮುಂದೆ ಕಾಲು ಹಾರ್ಮೋನಿಯಂ ಹಿಡಿದು ಕೂತ ಮಾಸ್ತರರು ಇಲ್ಲದೆ ಆ ರಂಗಗೀತೆಗಳು ಏಳುತ್ತಿರಲಿಲ್ಲ. ಅವರಿಗೆ ತಮ್ಮ ಪೆಟ್ಟಿಗೆಯ ಮಿತಿ ಚೆನ್ನಾಗಿ ಗೊತ್ತಿತ್ತು. ನಟ ಸ್ವರ ಎಳೆದು ಬಾಗಿಸುವಾಗ ಅವರು ಒಂದು ಮನೆ ಹಿಡಿದು ಆಸರೆ ಕೊಟ್ಟು ಸುಮ್ಮನಿರುತ್ತಿದ್ದರು. ಬಾಗುವ ಕೆಲಸ ಗಂಟಲಿನದ್ದು.

ಮಿಡಿಯಲ್ಲಿ ಬಾಗಿಸಲು ಒಂದು ದಾರಿ ಇದೆ. ಕೀಬೋರ್ಡಿನ ಎಡತುದಿಯ ಪಿಚ್ ಬೆಂಡ್ ಚಕ್ರ. ಅದರ ಓಟಕ್ಕೆ 16,384 ಮೆಟ್ಟಿಲುಗಳಿವೆ, ಸಾಮಾನ್ಯವಾಗಿ ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ. ಕಿವಿಗೆ ಇದು ನುಣ್ಣಗಿನ ಜಾರು. ಎಡಗೈಗೆ ಅಭ್ಯಾಸ ಬೇಕು, ತಿಂಗಳುಗಟ್ಟಲೆ. ತೊಡಕು ಏನೆಂದರೆ ಮಿಡಿಯಲ್ಲಿ 16 ಚಾನೆಲ್‌ಗಳಿವೆ (ಸುದ್ದಿ ಸಾಗುವ ಬೇರೆ ಬೇರೆ ಸಾಲುಗಳು), ಒಂದು ಚಾನೆಲ್ಲಿನ ಸ್ವರಗಳೆಲ್ಲ ಒಟ್ಟಿಗೇ ಬಾಗುತ್ತವೆ. ಒಂದೇ ಎಳೆಯ ರಾಗಕ್ಕೆ ತೊಂದರೆ ಇಲ್ಲ. ಕೆಳಗೆ ಸ ಹಿಡಿದಿಟ್ಟು ಮೇಲೆ ಗ ಬಾಗಿಸಲು ಹೋದರೆ ಸ ಕೂಡ ಜಾರುತ್ತದೆ. ಶ್ರುತಿಯನ್ನು ಬೇರೆ ಚಾನೆಲ್ಲಿಗೆ ಹಾಕಿದರೆ ಸರಿಹೋಗುತ್ತದೆ. 2020ರಲ್ಲಿ ಬಂದ ಮಿಡಿ 2.0 ಪ್ರತಿ ಸ್ವರವನ್ನೂ ಬೇರೆಯಾಗಿ ಬಾಗಿಸಲು ಜಾಗ ಮಾಡಿದೆ. 1991ರಲ್ಲಿ ಎಲ್ಲರೂ ಒಪ್ಪಿದ 128 ವಾದ್ಯಗಳ ಪಟ್ಟಿಯಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ತಬಲಾ ಇಲ್ಲ, ಮೃದಂಗ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಅವುಗಳ ದನಿಯನ್ನು ಬೇರೆಯಾಗಿ ಹುಡುಕಿ ತಂದು ಹಾಕಿಕೊಳ್ಳಬೇಕು.

ಇಷ್ಟೆಲ್ಲ ಕಲಿತ ಮೇಲೆ ಅಕ್ಕನ ಮಗನಿಗೆ ಒಂದು ಆಸೆ ಹುಟ್ಟಿತು. ನಮ್ಮವ್ವ ಬೀಸುವ ಪದ ಹಾಡುತ್ತಾಳೆ. ಅದನ್ನು ಹಿಡಿದಿಡಬೇಕು. ಅವನು ಮೊದಲೇ ಬಿಳಿ ಒಂದರಲ್ಲಿ ಹಿಮ್ಮೇಳ ರೆಕಾರ್ಡ್ ಮಾಡಿಕೊಂಡು ಬಂದ. ಅವ್ವನಿಗೆ ಅಷ್ಟು ಮೇಲೆ ಗಂಟಲು ಏರಲಿಲ್ಲ. ದನಿಯ ಫೈಲಾಗಿದ್ದರೆ ಮತ್ತೆ ನುಡಿಸಬೇಕಿತ್ತು, ಇಲ್ಲಾ ದನಿ ಕೆಡುತ್ತಿತ್ತು. ಇದು ಬರೀ ಸಂಖ್ಯೆ ತಾನೇ? ಎಲ್ಲದರಿಂದ 5 ಕಳೆದ. 60 ಇದ್ದಿದ್ದು 55 ಆಯಿತು. ಅವ್ವನ ಗಂಟಲಿಗೆ ಕೂತಿತು.

ಆದರೆ ತಾಳಕ್ಕೆ ಅವ್ವ ಕೂರಲಿಲ್ಲ. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕೇಳುತ್ತಾ ಹಾಡು ಅಂದರೆ, "ಬೀಸೋ ಕಲ್ಲು ಹಿಂಗ್ ತಿರುಗಲ್ಲಪ್ಪ" ಅಂದಳು. ಸಾಲಿನ ಕೊನೆಗೆ ಕೈ ನಿಧಾನವಾಗುತ್ತದೆ, ಕಾಳು ಹಾಕಬೇಕಲ್ಲ, ಆಮೇಲೆ ಮತ್ತೆ ಬಿರುಸು. ಹುಡುಗ ಟಿಕ್ ಟಿಕ್ ಆರಿಸಿದ. ಹಿಮ್ಮೇಳ ಅಳಿಸಿದ. ಅವ್ವ ತನ್ನ ಪಾಡಿಗೆ ತಾನು ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಾಫ್ಟ್‌ವೇರಿಗೆ ತಂದ. ಅದನ್ನು ಕೇಳುತ್ತಾ, ತನಗೆ ರೂಢಿಯಾದ ಬಿಳಿ ಒಂದರ ಬೆರಳುಗಳಲ್ಲೇ, 5 ಇಳಿಸಿದ ಹಾರ್ಮೋನಿಯಂ ದನಿಯಲ್ಲಿ ಹಿಂದೆ ಹಿಂದೆ ನುಡಿಸಿದ.

ಪಿಯಾನೋ ರೋಲ್ ತೆರೆದು ನೋಡಿದೆವು. ಒಂದು ಪಟ್ಟಿಯೂ ತಾಳದ ಗೆರೆಯ ಮೇಲೆ ಬಿದ್ದಿಲ್ಲ. ಸಾಲು ಮುಗಿದು ಅವ್ವ ಉಸಿರು ತೆಗೆದುಕೊಂಡಲ್ಲೆಲ್ಲ ಅವನೂ ಬೆರಳು ಎತ್ತಿದ್ದಾನೆ. ಅಲ್ಲಲ್ಲಿ ಖಾಲಿ ಜಾಗ, ಒಂದೊಂದು ಒಂದೊಂದು ಅಗಲ.