ನಾಚಿಕೆಯನ್ನು ದಿನಗಳಲ್ಲಿ ಅಳೆಯಬಹುದೇ?

ಮಲೇರಿಯಾ ಹೇಗೆ ಹರಡುತ್ತದೆ ಅಂತ ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಟ್ಟಡ ಏಳುವ ಜಾಗದಲ್ಲಿ ನಿಂತ ನೀರು, ಸೊಳ್ಳೆ, ಚಳಿಜ್ವರ. ಶಾಲೆ ಮಕ್ಕಳಿಗೂ ಇದು ಬಾಯಿಪಾಠ. ಆದರೆ ಲೈಂಗಿಕ ಸೋಂಕುಗಳ ವಿಷಯ ಬೇರೆ. ಸಿಫಿಲಿಸ್ ಹೇಗೆ ಹರಡುತ್ತದೆ, ಗೊನೊರಿಯಾ ಒಂದು ಊರಿನಲ್ಲಿ ವರ್ಷಗಟ್ಟಲೆ ಹೇಗೆ ಉಳಿದುಕೊಳ್ಳುತ್ತದೆ ಅಂತ ಕೇಳಿ ನೋಡಿ. ‘ಕೆಟ್ಟ ಚಾಳಿಯಿಂದ’ ಎಂದು ಹೇಳಿ ಮಾತು ಮುಗಿಸುತ್ತಾರೆ. ಅದು ಉತ್ತರವೇ ಅಲ್ಲ. ಚಾಳಿ ಎಲ್ಲ ಊರಲ್ಲೂ ಇರುತ್ತದೆ. ಸೋಂಕು ಮಾತ್ರ ಎಲ್ಲ ಊರಲ್ಲೂ ಒಂದೇ ಥರ ಹರಡುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದೇ ಈ ವಿಷಯದಲ್ಲಿ ಪಿಎಚ್‌ಡಿ ಮಾಡುವವರ ಮುಂದಿರುವ ಪ್ರಶ್ನೆ.

ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಆಮೇಲೆ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳು ವೈದ್ಯಕೀಯ ಓದಿನ ದೊಡ್ಡ ಕೇಂದ್ರಗಳಾಗಿ ಬೆಳೆದವು. ಎಂಡಿ ವಿದ್ಯಾರ್ಥಿಗಳ ಥೀಸಿಸ್ ಎಂದರೆ ಹೆಚ್ಚಾಗಿ ಆಸ್ಪತ್ರೆಗೆ ಬಂದ ರೋಗಿಗಳ ಲೆಕ್ಕ. ಪಿಎಚ್‌ಡಿಗೆ ಸಮಯ ಜಾಸ್ತಿ ಸಿಗುತ್ತದೆ, ಯುಜಿಸಿ ನಿಯಮದ ಪ್ರಕಾರ ಕನಿಷ್ಠ 3 ವರ್ಷ. ಹಾಗಾಗಿ ಅದಕ್ಕೆ ಇನ್ನೊಂದು ಜವಾಬ್ದಾರಿಯೂ ಇದೆ ಅಂತ ನನಗನಿಸುತ್ತದೆ: ಆಸ್ಪತ್ರೆಗೆ ಬಾರದೆ ಉಳಿದವರನ್ನು ತಲುಪುವುದು. ಸೋಂಕು ಮುಂದೆ ಸಾಗುವುದು ಹೆಚ್ಚಾಗಿ ಅವರ ಮೂಲಕವೇ. ಇದನ್ನು ಕಂಡುಕೊಳ್ಳಲು ಜಗತ್ತಿಗೆ ತುಂಬಾ ಕಾಲ ಹಿಡಿಯಿತು.

ಮೊದಮೊದಲು ಎಲ್ಲ ಕಡೆಯೂ ಹುಡುಕಿದ್ದು ಸಿಫಿಲಿಸ್ ತಂದವರು ಯಾರು ಅಂತ. ನಮ್ಮ ಕಡಲ ತೀರದಲ್ಲಿ ಬೆರಳು ಪೋರ್ಚುಗೀಸರ ಕಡೆ ತಿರುಗಿತು. 16ನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲಿ ಈ ಕಾಯಿಲೆಯ ಹೆಸರೇ ಫಿರಂಗ ರೋಗ. ಗೋವಾದಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ಇದಕ್ಕೆ ಪರಂಗಿ ಚಕ್ಕೆ ಎಂಬ ಬೇರನ್ನು ಮದ್ದಾಗಿ ಕೊಡುತ್ತಿದ್ದುದನ್ನು ಬರೆದಿದ್ದಾನೆ. ಮೂಲದ ಜಗಳ ಇತಿಹಾಸಕಾರರಲ್ಲಿ ಇಂದಿಗೂ ಮುಗಿದಿಲ್ಲ. ಅದು ಬಗೆಹರಿದರೂ ರೋಗ ತಡೆಯಲು ಅದರಿಂದ ಏನೂ ಉಪಯೋಗವಿಲ್ಲ.

ಬ್ರಿಟಿಷರು ಬಂದ ಮೇಲೆ ವಿಷಯ ಪೊಲೀಸರ ಕೈಗೆ ಹೋಯಿತು. ಸೈನಿಕರಲ್ಲಿ ಸೋಂಕು ಜಾಸ್ತಿಯಾದದ್ದೇ ಸರ್ಕಾರದ ಚಿಂತೆ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಆ ಪ್ರೆಸಿಡೆನ್ಸಿಯಲ್ಲಿ 19ನೇ ಶತಮಾನದ ಆರಂಭದಿಂದಲೇ ಲೈಂಗಿಕ ರೋಗಗಳಿಗೆಂದೇ ‘ಲಾಕ್ ಆಸ್ಪತ್ರೆ’ಗಳಿದ್ದವು. 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ವೇಶ್ಯೆಯರು ಎಂದು ಗುರುತಿಸಿದ ಹೆಂಗಸರು ಹೆಸರು ನೋಂದಾಯಿಸಬೇಕು, ಬಲವಂತದ ಪರೀಕ್ಷೆಗೆ ಒಳಗಾಗಬೇಕು. ಸೋಂಕು ಕಂಡರೆ ಆಸ್ಪತ್ರೆಯೊಳಗೆ ಕೂಡಿಹಾಕುತ್ತಿದ್ದರು. ಗಂಡಸರಿಗೆ ಆ ಕಾಯ್ದೆಯಲ್ಲಿ ಇಂಥ ಕಟ್ಟುಪಾಡು ಇರಲಿಲ್ಲ. ಪರೀಕ್ಷೆಯ ಭಯಕ್ಕೆ ಹೆಂಗಸರು ತಪ್ಪಿಸಿಕೊಂಡರು, ಚಿಕಿತ್ಸೆಯಿಂದಲೂ ದೂರ ಉಳಿದರು. ದೊಡ್ಡ ವಿರೋಧದ ನಂತರ 1888ರಲ್ಲಿ ಕಾಯ್ದೆ ರದ್ದಾಯಿತು. ಅದು ಬಿಟ್ಟುಹೋದ ಭಯ ಅಷ್ಟು ಬೇಗ ಹೋಗಲಿಲ್ಲ.

ರೋಗಾಣುಗಳು ಅಷ್ಟರಲ್ಲಿ ಒಂದೊಂದಾಗಿ ಸಿಗತೊಡಗಿದ್ದವು. 1879ರಲ್ಲಿ ನೈಸರ್ ಗೊನೊರಿಯಾದ ಬ್ಯಾಕ್ಟೀರಿಯಾ ಕಂಡುಹಿಡಿದರು. 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್‌ನ ರೋಗಾಣುವನ್ನು ಗುರುತಿಸಿದರು. ಮರುವರ್ಷ ರಕ್ತ ಪರೀಕ್ಷೆ ಬಂತು. 1943ರಲ್ಲಿ ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿಯಾಗುತ್ತದೆ ಅಂತ ಗೊತ್ತಾಯಿತು. ಆರಂಭದ ಹಂತದ ಸಿಫಿಲಿಸ್‌ಗೆ ಇವತ್ತಿಗೂ ಒಂದೇ ಒಂದು ಬೆಂಜಥಿನ್ ಪೆನಿಸಿಲಿನ್ ಡೋಸ್ ಸಾಕು. ಪರೀಕ್ಷೆ ಸುಲಭ, ಮದ್ದು ಅಗ್ಗ. ಆದರೂ ರೋಗ ಹೋಗಿಲ್ಲ. ಯಾಕೆ?

ಈ ಪ್ರಶ್ನೆಗೆ ದಾರಿ ತೋರಿಸಿದ್ದು, ಆಶ್ಚರ್ಯವೆಂದರೆ, ಮಲೇರಿಯಾ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್, ಆಮೇಲೆ ಲೆಕ್ಕ ಹಾಕಲು ಕುಳಿತರು. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗೆ ತಂದರೆ ಸಾಕು, ಮಲೇರಿಯಾ ತಾನಾಗಿ ಸಾಯುತ್ತದೆ ಎಂಬುದನ್ನು ಗಣಿತದಿಂದ ತೋರಿಸಿದರು. 1970ರ ದಶಕದಲ್ಲಿ ಜೇಮ್ಸ್ ಯಾರ್ಕ್ ಮತ್ತು ಹರ್ಬರ್ಟ್ ಹೆಥ್‌ಕೋಟ್ ಥರದ ಗಣಿತಜ್ಞರು ಇದೇ ರೀತಿಯ ಯೋಚನೆಯನ್ನು ಗೊನೊರಿಯಾಕ್ಕೆ ತಂದರು. ಬಳಿಕ ರಾಬರ್ಟ್ ಮೇ ಮತ್ತು ರಾಯ್ ಆಂಡರ್ಸನ್ ಅದನ್ನು ಏಡ್ಸ್‌ಗೂ ಅನ್ವಯಿಸಿದರು.

ಲೆಕ್ಕ ತುಂಬಾ ಸರಳ. ಒಬ್ಬ ಸೋಂಕಿತರಿಂದ ಸರಾಸರಿ ಎಷ್ಟು ಜನರಿಗೆ ಹರಡುತ್ತದೆ ಎಂಬುದು ಮೂರು ಸಂಖ್ಯೆಗಳ ಗುಣಾಕಾರ. ಕೊರೋನಾ ಸಮಯದಲ್ಲಿ ಟೀವಿಯಲ್ಲಿ ‘ಆರ್’ ಅಂತ ಕೇಳಿದ್ದೆವಲ್ವಾ, ಅದೇ. ಮೊದಲನೆಯದು ಸಂಪರ್ಕದಲ್ಲಿ ಸೋಂಕು ದಾಟುವ ಸಾಧ್ಯತೆ. ಎರಡನೆಯದು ಎಷ್ಟು ಬೇಗ ಬೇಗ ಸಂಗಾತಿ ಬದಲಾಗುತ್ತಾರೆ ಎಂಬುದು. ಮೂರನೆಯದು ಒಬ್ಬರು ಎಷ್ಟು ದಿನ ಸೋಂಕು ಹರಡುವ ಸ್ಥಿತಿಯಲ್ಲಿರುತ್ತಾರೆ ಎಂಬುದು. ಗುಣಾಕಾರ ಒಂದಕ್ಕಿಂತ ಕೆಳಗೆ ಬಂದರೆ ರೋಗ ಕುಗ್ಗುತ್ತದೆ.

ಕಾಂಡೋಮ್ ಮೊದಲ ಸಂಖ್ಯೆಯನ್ನು ಇಳಿಸುತ್ತದೆ. ಅದರ ಬಗ್ಗೆ ಸಾಕಷ್ಟು ಪ್ರಚಾರ ಆಗಿದೆ. ಎರಡನೆಯದರ ಮೇಲೆ ಕಾಯ್ದೆ, ಪೊಲೀಸ್, ಉಪದೇಶ ಎಲ್ಲ ಸೇರಿ 150 ವರ್ಷದಿಂದ ಕೆಲಸ ಮಾಡುತ್ತಿವೆ. ಅಲ್ಲಿ ಸರಾಸರಿ ಏನೂ ಹೇಳುವುದಿಲ್ಲ ಎಂಬುದನ್ನೂ ಸಂಶೋಧಕರು ತೋರಿಸಿದ್ದಾರೆ. ಹೆಚ್ಚಿನ ಜನರಿಗೆ ಸಂಗಾತಿಗಳು ಕಡಿಮೆ, ಕೆಲವೇ ಕೆಲವರಿಗೆ ಜಾಸ್ತಿ. ಸೋಂಕು ಆರದೆ ಉಳಿಯುವುದು ಆ ಸಣ್ಣ ಬಳಗದಲ್ಲಿ. ಈ ತಿಳಿವಳಿಕೆ ತಪ್ಪು ಕೈಗೆ ಸಿಕ್ಕಿದರೆ ಮತ್ತೆ ಬೆರಳು ತೋರಿಸುವ ಆಟ ಶುರುವಾಗುತ್ತದೆ. ಸರಿಯಾದ ಕೈಗೆ ಸಿಕ್ಕಿದರೆ, ಮೊದಲು ಎಲ್ಲಿ ಒಳ್ಳೆಯ ಕ್ಲಿನಿಕ್ ಬೇಕು ಅಂತ ಹೇಳುತ್ತದೆ.

ಮೂರನೆಯ ಸಂಖ್ಯೆಯ ಬಗ್ಗೆ ಮಾತು ಕಡಿಮೆ. ನನಗೆ ಅತ್ಯಂತ ಮುಖ್ಯ ಅನಿಸುವುದು ಅದೇ. ಸೋಂಕು ತಗುಲಿದ ದಿನದಿಂದ ಗುಣವಾಗುವ ದಿನದವರೆಗಿನ ಅಂತರ ಎರಡು ವಾರವೋ, ಎಂಟು ತಿಂಗಳೋ? ಇದನ್ನು ತೀರ್ಮಾನಿಸುವುದು ಬ್ಯಾಕ್ಟೀರಿಯಾ ಒಂದೇ ಅಲ್ಲ, ಸಮಾಜವೂ ಹೌದು. ನಾಚಿಕೆ, ಭಯ, ಬಸ್ಸಿನ ದೂರ, ಡಾಕ್ಟರ ಮಾತಿನ ರೀತಿ ಎಲ್ಲವೂ ಇಲ್ಲಿ ದಿನಗಳಾಗಿ ಲೆಕ್ಕಕ್ಕೆ ಬರುತ್ತವೆ. ಬೇರೆ ಎಲ್ಲ ಹಾಗೇ ಇದ್ದು ಈ ಅಂತರ ಮಾತ್ರ ದುಪ್ಪಟ್ಟಾದರೆ, ಹರಡುವಿಕೆಯೂ ದುಪ್ಪಟ್ಟು.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಟಾಂಜಾನಿಯಾದ ಮ್ವಾಂಜಾ ಪ್ರದೇಶದಲ್ಲಿ ಹಳ್ಳಿ ಆರೋಗ್ಯ ಕೇಂದ್ರಗಳಲ್ಲಿ ಲೈಂಗಿಕ ಸೋಂಕುಗಳಿಗೆ ಬೇಗ, ಸರಿಯಾಗಿ ಮದ್ದು ಸಿಗುವಂತೆ ಮಾಡಿದರು. ಹೊಸ ಎಚ್‌ಐವಿ ಪ್ರಕರಣಗಳು ಸುಮಾರು ಶೇ. 40ರಷ್ಟು ಕಡಿಮೆಯಾದವು ಎಂದು 1995ರಲ್ಲಿ ವರದಿಯಾಯಿತು. ಹುಣ್ಣು, ಉರಿಯೂತ ಇದ್ದಲ್ಲಿ ಎಚ್‌ಐವಿ ಸುಲಭವಾಗಿ ಒಳಗೆ ಹೋಗುತ್ತದೆ. ಆ ಬಾಗಿಲು ಬೇಗ ಮುಚ್ಚಿದ್ದರಿಂದ ಸಿಕ್ಕ ಲಾಭ ಇದು. ಉಗಾಂಡಾದ ರಾಕಾಯಿಯಲ್ಲಿ ಎಲ್ಲರಿಗೂ ಒಟ್ಟಿಗೆ ಮಾತ್ರೆ ಹಂಚಿದಾಗ ಅಂಥ ಫಲ ಬರಲಿಲ್ಲ. ಅಲ್ಲಿ ಎಚ್‌ಐವಿ ಆಗಲೇ ತುಂಬಾ ಹರಡಿತ್ತು ಎಂಬುದು ಒಂದು ವಿವರಣೆ.

ತಡವನ್ನು ಬೇಕೆಂದೇ ಬೆಳೆಸಿದ ಸಂಶೋಧನೆಯೂ ಇದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇಂದು ಮಣಿಪಾಲದಲ್ಲಾಗಲಿ ಮಂಗಳೂರಿನಲ್ಲಾಗಲಿ ಸಂಶೋಧನಾ ವಿದ್ಯಾರ್ಥಿ ಒಂದು ಹನಿ ರಕ್ತ ತೆಗೆಯುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಎದುರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಅವರ ಒಪ್ಪಿಗೆ ಪಡೆಯಬೇಕು. ಇಲ್ಲಿ ಅಂದರೆ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ. ಆ ಕಾಗದಪತ್ರ ಕಿರಿಕಿರಿ ಅನಿಸಿದವರು ಟಸ್ಕೀಗಿಯ ಕತೆ ಒಮ್ಮೆ ಓದಬೇಕು.

ನಮ್ಮ ದೇಶದಲ್ಲಿ ಒಂದು ವಿದ್ಯಾರ್ಥಿ ಥೀಸಿಸ್ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1986ರ ಮದ್ರಾಸ್ ಸಾಕ್ಷಿ. ಸೆಲ್ಲಪ್ಪನ್ ನಿರ್ಮಲಾ ಆಗ ಮದ್ರಾಸ್ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿದ್ಯಾರ್ಥಿನಿ. ಏಡ್ಸ್ ಬಗ್ಗೆ ಕೆಲಸ ಮಾಡಲು ನಿರ್ಮಲಾಗೆ ಹೇಳಿದವರು ಪ್ರೊಫೆಸರ್ ಸುನೀತಿ ಸಾಲೊಮನ್. ಭಾರತದಲ್ಲಿ ಏಡ್ಸ್ ಇಲ್ಲ, ಬರುವುದೂ ಇಲ್ಲ ಅಂತ ನಂಬಿದ್ದ ಕಾಲ ಅದು. ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಸ್ಯಾಂಪಲ್‌ಗಳನ್ನು ಕೂಡಿಸಿದರು, ಇಡಲು ಜಾಗವಿಲ್ಲದೆ ಮನೆಯ ಫ್ರಿಜ್ಜಿನಲ್ಲಿಟ್ಟರು, ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಆರು ಸ್ಯಾಂಪಲ್ ಪಾಸಿಟಿವ್ ಬಂದವು. ದೇಶದ ಎಚ್‌ಐವಿ ಇತಿಹಾಸ ಶುರುವಾದದ್ದು ಅಲ್ಲಿಂದ. ಅವರ ಶ್ರಮಕ್ಕೆ ಕೈ ಮುಗಿಯಬೇಕು. ಜೊತೆಗೆ ಇದನ್ನೂ ಹೇಳಬೇಕು: ರಕ್ತ ಕೊಟ್ಟ ಆ ಹೆಂಗಸರಿಗೆ ಏನು ಪರೀಕ್ಷೆ ನಡೆಯುತ್ತಿದೆ ಅಂತ ತಿಳಿದಿರಲಿಲ್ಲ. ಇಂದು ಅದು ಸಾಧ್ಯವೂ ಇಲ್ಲ, ಸರಿಯೂ ಅಲ್ಲ.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 2000ದ ನಂತರ ಕರ್ನಾಟಕವೇ ಒಂದು ದೊಡ್ಡ ಅಧ್ಯಯನದ ನೆಲವಾಯಿತು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಆಶೋದಯ ಸಮಿತಿಯ ಮೂಲಕ ಕೆಲಸಕ್ಕೆ ಇಳಿದರು. ಪೊಲೀಸ್ ಕಿರುಕುಳ ತಡೆದರು, ಗೆಳತಿಯರನ್ನು ಕ್ಲಿನಿಕ್‌ಗೆ ಕರೆತಂದರು. ಎರಡು ಮೂರು ವರ್ಷಗಳಲ್ಲಿ ಅವರಲ್ಲಿ ಸಿಫಿಲಿಸ್ ಸುಮಾರು ಅರ್ಧಕ್ಕೆ ಇಳಿಯಿತು. 1868ರ ಕಾಯ್ದೆ ಬಲವಂತದಿಂದ ಮಾಡಲು ಹೊರಟದ್ದನ್ನು ಈ ಹೆಂಗಸರು ವಿಶ್ವಾಸದಿಂದ ಮಾಡಿ ತೋರಿಸಿದರು.

ಇದೇ ಹೊತ್ತಿಗೆ ಕರ್ನಾಟಕದಲ್ಲಿ ‘ಪೋಲಿಂಗ್ ಬೂತ್’ ಸಮೀಕ್ಷೆಯನ್ನೂ ಬಳಸಿದರು. ಒಂದಷ್ಟು ಜನ ಪರದೆಗಳ ಹಿಂದೆ ಬೇರೆ ಬೇರೆಯಾಗಿ ಕೂರುತ್ತಾರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ. ಪ್ರತಿಯೊಬ್ಬರೂ ತಮ್ಮ ಚೀಟಿಯನ್ನು ‘ಹೌದು’ ಅಥವಾ ‘ಇಲ್ಲ’ ಪೆಟ್ಟಿಗೆಗೆ ಹಾಕುತ್ತಾರೆ. ಯಾರು ಏನು ಹೇಳಿದರು ಅಂತ ಸಂಶೋಧಕರಿಗೂ ಗೊತ್ತಾಗುವುದಿಲ್ಲ. ಮುಖಾಮುಖಿ ಸಂದರ್ಶನಕ್ಕಿಂತ ಇಲ್ಲಿ ಅಪಾಯದ ನಡವಳಿಕೆ ಜಾಸ್ತಿ ಹೊರಬಂತು. ಅಂದರೆ ಕೇಳುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಈಗ ಕರಾವಳಿಗೆ ಬರೋಣ. ಇಲ್ಲಿ ತಡ ಹುಟ್ಟುವ ಜಾಗಗಳು ಒಂದೆರಡಲ್ಲ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟು ಬರುವುದು ವಾರ, ಹತ್ತು ದಿನದ ಮೇಲೆ. ಎರಡನೇ ದಿನ ಉರಿಮೂತ್ರ ಶುರುವಾದರೆ ಆ ಹುಡುಗ ಕಾಯಲೇಬೇಕು. ಬೋಟಿನವರ ಮೇಲೆ ಬೆರಳು ತೋರಿಸಲು ಈ ಮಾತು ಹೇಳುತ್ತಿಲ್ಲ. ಕೆಲಸದ ಕ್ರಮವೇ ಚಿಕಿತ್ಸೆಯನ್ನು ಮುಂದೂಡುತ್ತದೆ ಎಂಬುದನ್ನು ಹೇಳುತ್ತಿದ್ದೇನೆ. ಇನ್ನು ಗಲ್ಫ್. ವೀಸಾಕ್ಕೆ ಮೆಡಿಕಲ್ ಮಾಡುವಾಗ ಎಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುತ್ತಾರೆ. ‘ಅನ್‌ಫಿಟ್’ ಎಂಬ ಒಂದು ಸೀಲಿಗೆ ಇಡೀ ಮನೆಯ ಲೆಕ್ಕಾಚಾರ ಕುಸಿಯುತ್ತದೆ. ಹಾಗಿರುವಾಗ ಅನುಮಾನ ಬಂದವನು ಮೊದಲೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುವ ಧೈರ್ಯ ಮಾಡುತ್ತಾನಾ? ಉಡುಪಿಯಂಥ ಊರಲ್ಲಿ ಲ್ಯಾಬಿನವರೂ ಪರಿಚಯ, ಮೆಡಿಕಲ್ ಶಾಪಿನವರೂ ಪರಿಚಯ. ದೂರದ ಊರಿಗೆ ಹೋಗಿ ತೋರಿಸುವುದು, ಶಾಪಿನಲ್ಲಿ ಕೇಳಿ ಎರಡು ದಿನದ ಆಂಟಿಬಯೋಟಿಕ್ ನುಂಗುವುದು, ಗೋಡೆ ಪೋಸ್ಟರಿನ ‘ಗುಪ್ತರೋಗ ತಜ್ಞ’ರ ಹತ್ತಿರ ಹೋಗುವುದು, ಇವೆಲ್ಲ ಹುಟ್ಟುವುದು ಅದರಿಂದಲೇ. ಅರ್ಧಂಬರ್ಧ ಮದ್ದು ಇನ್ನೊಂದು ಅಪಾಯ ತರುತ್ತದೆ. ಗೊನೊರಿಯಾ ಈಗಾಗಲೇ ಒಂದೊಂದೇ ಆಂಟಿಬಯೋಟಿಕ್‌ಗೆ ಬಗ್ಗದಂತಾಗಿದೆ.

ಸಿಫಿಲಿಸ್ ಅಂತೂ ಮೋಸಗಾರ. ಮೊದಲ ಹುಣ್ಣು ನೋಯುವುದಿಲ್ಲ. ಮದ್ದು ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯುತ್ತದೆ. ವಾಸಿಯಾಯಿತು ಅಂತ ಮನುಷ್ಯ ನೆಮ್ಮದಿಯಾಗುತ್ತಾನೆ. ರೋಗಾಣು ಒಳಗೇ ಇರುತ್ತದೆ.

ಹೆಂಗಸರ ತಡ ಇನ್ನೂ ಉದ್ದ. ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕು ತಗುಲಿದ ಹೆಚ್ಚಿನ ಹೆಂಗಸರಿಗೆ ಲಕ್ಷಣವೇ ಕಾಣುವುದಿಲ್ಲ. ಕಂಡರೂ ‘ಉಷ್ಣ’ ಅಂತ ಎಳನೀರು, ಮೆಂತೆ ನೀರು ಕುಡಿದು ಸುಮ್ಮನಾಗುತ್ತಾರೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ರಾಣಿ ಬಂಗ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 650 ಹಳ್ಳಿ ಹೆಂಗಸರ ಪೈಕಿ ಶೇ. 92ರಷ್ಟು ಜನರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಹಿಂದೆ ಎಂದಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ. 8 ಮಾತ್ರ.

ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಪಕ್ಕದ ಗೋವಾದಿಂದಲೇ ಬಂದಿದೆ. ಬಿಳಿ ಮುಟ್ಟಿನ ದೂರು ಹೇಳಿದ ಹೆಂಗಸರನ್ನು ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಆ ದೂರಿಗೆ ಸೋಂಕಿಗಿಂತ ಖಿನ್ನತೆ, ಆತಂಕಗಳ ಜೊತೆ ನಂಟು ಜಾಸ್ತಿ ಕಂಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕು ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ಲಕ್ಷಣ ನೋಡಿ ಬಣ್ಣದ ಮದ್ದಿನ ಕಿಟ್ ಕೊಡುವ ಪದ್ಧತಿ ಇದೆ. ಲ್ಯಾಬ್ ವರದಿಗೆ ಕಾಯದೆ ಅದೇ ದಿನ ಮದ್ದು ಸಿಗುವುದರಿಂದ ತಡ ತಪ್ಪುತ್ತದೆ. ಆದರೆ ಸೋಂಕೇ ಇಲ್ಲದ ಹೆಂಗಸಿಗೆ ಸೋಂಕಿನ ಹೆಸರು ಅಂಟಿಕೊಂಡರೆ, ಗಂಡನ ಮನೆಯಲ್ಲಿ ಅದರ ಬೆಲೆ ತೆರುವವಳು ಅವಳೇ.

ಹಾಗಾಗಿ ಕರಾವಳಿಯಲ್ಲಿ ಈ ವಿಷಯ ಎತ್ತಿಕೊಳ್ಳುವ ಪಿಎಚ್‌ಡಿ ವಿದ್ಯಾರ್ಥಿ ಶೇಕಡಾ ಎಷ್ಟು ಜನರಿಗೆ ಸೋಂಕಿದೆ ಎಂಬಲ್ಲಿಗೆ ನಿಲ್ಲಬಾರದು. ಮೂರು ತಾರೀಕು ಕೇಳಬೇಕು. ಏನೋ ಸರಿಯಿಲ್ಲ ಅಂತ ಗೊತ್ತಾದದ್ದು ಯಾವಾಗ? ಸರಿಯಾದ ಮದ್ದು ಸಿಕ್ಕಿದ್ದು ಯಾವಾಗ? ಸಂಗಾತಿಗೆ ಮದ್ದು ಸಿಕ್ಕಿದ್ದು ಯಾವಾಗ? ಮೊದಲ ಎರಡರ ನಡುವಿನ ದಿನಗಳು ಬೋಟಿನಲ್ಲಿ ಕಳೆದವೋ, ಶಾಪಿನ ಮಾತ್ರೆಯಲ್ಲೋ, ಹೇಳಲಾಗದ ಸಂಕೋಚದಲ್ಲೋ ಅಂತ ಬಿಡಿಸಿ ನೋಡಬೇಕು. ಪೋಲಿಂಗ್ ಬೂತ್ ಥರದ ದಾರಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಮೂರನೆಯ ತಾರೀಕು ಎಲ್ಲಕ್ಕಿಂತ ಕಷ್ಟದ್ದು. ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಗುಣವಾದವರಿಗೆ ಮತ್ತೆ ಅದೇ ಸೋಂಕು ತಗಲುತ್ತದೆ. ಆದರೆ ‘ನಿಮ್ಮವರನ್ನೂ ಕರೆದುಕೊಂಡು ಬನ್ನಿ’ ಎಂಬ ಡಾಕ್ಟರ ಮಾತು ಕೆಲವು ಮನೆಗಳಲ್ಲಿ ಹೊಡೆತಕ್ಕೆ ಕಾರಣವಾಗಬಹುದು. 2017ರ ಎಚ್‌ಐವಿ ಕಾಯ್ದೆ ಇದನ್ನು ಗಮನಿಸಿದೆ. ಹೆಂಗಸಿನ ಮೇಲೆ ಹಿಂಸೆ ನಡೆಯಬಹುದು, ಅವಳನ್ನು ಮನೆಯಿಂದ ಹೊರಹಾಕಬಹುದು ಎಂಬ ಆತಂಕ ಇದ್ದರೆ ಸಂಗಾತಿಗೆ ತಿಳಿಸಬಾರದು ಎಂದು ಹೇಳುತ್ತದೆ. ಆ ಕಾಯ್ದೆ ಎಚ್‌ಐವಿಗೆ ಸೀಮಿತ. ಸಿಫಿಲಿಸ್, ಗೊನೊರಿಯಾ, ಕ್ಲಮೀಡಿಯಾದ ವಿಷಯದಲ್ಲಿ ಅವಳನ್ನು ಅಪಾಯಕ್ಕೆ ದೂಡದೆ ಗಂಡನಿಗೆ ಮದ್ದು ತಲುಪಿಸುವ ದಾರಿ ಯಾವುದು ಅಂತ ನಮ್ಮ ಊರಿನ ಹೆಂಗಸರನ್ನೇ ಕೇಳಿ ಬರೆಯಬೇಕು.